ಮಾಲು ಸರ್ಕಾರದ್ದು, ಲೆಕ್ಕ ಗುತ್ತಿಗೆದಾರರದ್ದು: ಎಫ್-35 ಬಿಡಿಭಾಗಗಳ ಪ್ರಕರಣ

2023ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಒಂದು ವರದಿ ಹೊರತಂದಿತು. ಎಫ್-35 ಯುದ್ಧವಿಮಾನಕ್ಕಾಗಿ ಕೊಂಡ ಬಿಡಿಭಾಗಗಳಲ್ಲಿ 2018ರ ಮೇನಿಂದ ಈಚೆಗೆ 10 ಲಕ್ಷಕ್ಕೂ ಹೆಚ್ಚು ಕಳೆದುಹೋಗಿವೆ, ಅವುಗಳ ಬೆಲೆ 8.5 ಕೋಟಿ ಡಾಲರ್‌ಗೂ ಜಾಸ್ತಿ ಅಂತ ಅದರಲ್ಲಿತ್ತು. ಸುದ್ದಿಯಾಗಿದ್ದು ಈ ಎರಡು ಅಂಕಿಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ವರದಿಯ ಮೂರನೇ ಅಂಕಿ. ಕಳೆದುಹೋದವುಗಳಲ್ಲಿ ಶೇ 2ಕ್ಕಿಂತ ಕಡಿಮೆ ಭಾಗಗಳ ವಿಚಾರವನ್ನು ಮಾತ್ರ ಎಫ್-35 ಕಾರ್ಯಕ್ರಮ ನೋಡಿಕೊಳ್ಳುವ ಸರ್ಕಾರಿ ಕಚೇರಿ ಪರಿಶೀಲಿಸಿತ್ತು. ಉಳಿದವು ಎಲ್ಲಿ ಹೋದವು, ಯಾಕೆ ಹೋದವು ಅಂತ ಮಾಲೀಕರಾದ ಸರ್ಕಾರದ ಕಡೆಯಿಂದ ಕೇಳಿದವರೇ ಇರಲಿಲ್ಲ.

ಇನ್ನೂ ಒಂದು ಸಂಗತಿ ಇದೆ. 10 ಲಕ್ಷ ಅನ್ನುವ ಆ ಅಂಕಿ ಬಂದಿದ್ದು ಎಲ್ಲಿಂದ? ಗುತ್ತಿಗೆ ಕಂಪನಿಗಳ ಪುಸ್ತಕದಿಂದ. ಸರ್ಕಾರದ ಹತ್ತಿರ ತನ್ನದೇ ಆದ ಲೆಕ್ಕ ಇರಲಿಲ್ಲ. ಹಾಗಾಗಿ ನಿಜವಾದ ನಷ್ಟ ಇದಕ್ಕಿಂತ ತುಂಬಾ ಜಾಸ್ತಿ ಇರಬಹುದು ಅಂತ ಜಿಎಒ ಎಚ್ಚರಿಸಿತು. ಇರಬಹುದು ಅಂತಷ್ಟೇ ಹೇಳೋಕೆ ಆಗುತ್ತಿತ್ತು. ತಾಳೆ ನೋಡಲು ಎರಡನೇ ಪುಸ್ತಕವೇ ಇಲ್ಲದಿದ್ದರೆ ಆಡಿಟರ್ ಬೇರೇನು ಹೇಳಿಯಾರು?

ಸರ್ಕಾರಿ ಖರೀದಿ ಮತ್ತು ದಾಸ್ತಾನಿನ ಬಗ್ಗೆ ಯೋಚಿಸುವ ಯಾರಿಗಾದರೂ ಈ ಪ್ರಕರಣ ಉಪಯೋಗಕ್ಕೆ ಬರುತ್ತದೆ. ಇದನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಕಳೆದುಹೋದ ಹಣದ ಮೊತ್ತವಲ್ಲ. ಎಫ್-35 ಕಾರ್ಯಕ್ರಮದ ಇಡೀ ಜೀವಿತಾವಧಿಯ ಖರ್ಚು 1.7 ಲಕ್ಷ ಕೋಟಿ ಡಾಲರ್‌ಗೂ ಹೆಚ್ಚು ಅಂತ 2023ರ ಹೊತ್ತಿಗೆ ಅಂದಾಜಿತ್ತು. ಅದರ ಮುಂದೆ 8.5 ಕೋಟಿ ಏನೇನೂ ಅಲ್ಲ. ಭಾಗಿಸಿ ನೋಡಿದರೆ ಕಳೆದುಹೋದ ಒಂದೊಂದು ಭಾಗದ ಸರಾಸರಿ ಬೆಲೆ 85 ಡಾಲರ್ ಆಸುಪಾಸು. ಅಂದರೆ ಇವುಗಳಲ್ಲಿ ಬಹುಪಾಲು ಸಣ್ಣಪುಟ್ಟ ಸಾಮಾನುಗಳೇ ಇರಬೇಕು. ಆದರೆ ಸಣ್ಣ ಸಾಮಾನಿನ ರಾಶಿಯೊಳಗೆ ದುಬಾರಿ ಭಾಗಗಳೂ ಇದ್ದವೇ, ಎಷ್ಟಿದ್ದವು, ಯಾವ ಗೋದಾಮಿನಿಂದ ಹೋದವು ಅಂತ ಮಾಲೀಕರು ತಾವಾಗಿಯೇ ಹೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಕಾಳಜಿ ಇರುವುದು ಅಲ್ಲಿ.

ಎಲ್ಲರಿಗೂ ಸೇರಿದ ದಾಸ್ತಾನು

ಎಫ್-35ರ ಮುಖ್ಯ ಅಭಿವೃದ್ಧಿ ಗುತ್ತಿಗೆ 2001ರ ಅಕ್ಟೋಬರ್‌ನಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ಸಿಕ್ಕಿತು. ಎಂಜಿನ್ ಮಾಡುವುದು ಪ್ರ್ಯಾಟ್ ಅಂಡ್ ವಿಟ್ನಿ. ಅಮೆರಿಕದ ವಾಯುಪಡೆ, ನೌಕಾಪಡೆ, ಮರೀನ್ ಕೋರ್ ಮೂರೂ ಈ ವಿಮಾನ ಹಾರಿಸುತ್ತವೆ. ಬ್ರಿಟನ್, ಇಟಲಿ, ನಾರ್ವೆ, ಆಸ್ಟ್ರೇಲಿಯಾದಂಥ ಪಾಲುದಾರ ದೇಶಗಳಿವೆ. ಆಮೇಲೆ ಕೊಂಡ ದೇಶಗಳೂ ಇವೆ. ಇವೆಲ್ಲವನ್ನೂ ನೋಡಿಕೊಳ್ಳುವುದು ಪೆಂಟಗನ್‌ನ (ಅಮೆರಿಕದ ರಕ್ಷಣಾ ಇಲಾಖೆಯ) ಜಾಯಿಂಟ್ ಪ್ರೋಗ್ರಾಂ ಆಫೀಸ್, ಅಂದರೆ ಜೆಪಿಒ.

ಬಿಡಿಭಾಗಗಳಿಗೆ ಒಂದು ಹೊಸ ವ್ಯವಸ್ಥೆ ಮಾಡಿದರು. ಒಂದೊಂದು ದೇಶ, ಒಂದೊಂದು ಪಡೆ ತನ್ನದೇ ಗೋದಾಮು ಇಟ್ಟುಕೊಳ್ಳುವುದು ಬೇಡ. ಎಲ್ಲರಿಗೂ ಸೇರಿ ಒಂದೇ ಜಾಗತಿಕ ದಾಸ್ತಾನು ಇರಲಿ. ಯಾರಿಗೆ ಬೇಕೋ ಅವರಿಗೆ ಅದರಿಂದ ಕೊಡೋಣ. ವಿಮಾನಕ್ಕೆ ಜೋಡಿಸುವವರೆಗೆ ಆ ಭಾಗದ ಒಡೆತನ ಅಮೆರಿಕದ ರಕ್ಷಣಾ ಇಲಾಖೆಯದು. ಇಡುವುದು, ಸಾಗಿಸುವುದು, ಲೆಕ್ಕ ಬರೆಯುವುದು ಎರಡು ಮುಖ್ಯ ಗುತ್ತಿಗೆ ಕಂಪನಿಗಳ ಕೆಲಸ. ಈ ಭಾಗಗಳು ಅಮೆರಿಕದ ಒಳಗೂ ಹೊರಗೂ 50ಕ್ಕೂ ಹೆಚ್ಚು ಕಡೆ ಹರಡಿಕೊಂಡಿವೆ.

ಈ ಯೋಚನೆಯಲ್ಲಿ ತಪ್ಪಿದೆ ಅಂತ ನನಗೆ ಅನ್ನಿಸುವುದಿಲ್ಲ. ಒಂದೇ ಬಗೆಯ ಭಾಗವನ್ನು ಹತ್ತು ಕಡೆ ಹತ್ತತ್ತು ಕೊಂಡಿಡುವ ಬದಲು ಒಂದೇ ಲೆಕ್ಕದಲ್ಲಿ ಇಟ್ಟರೆ ಒಟ್ಟು ದಾಸ್ತಾನು ಕಡಿಮೆ ಸಾಕು. ಆದರೆ ಹಂಚಿಕೊಂಡ ದಾಸ್ತಾನು ನಿಲ್ಲುವುದೇ ಲೆಕ್ಕದ ಮೇಲೆ. ನನ್ನ ಗೋದಾಮಿನಲ್ಲಿ ನನ್ನ ಸಾಮಾನು ಇದ್ದರೆ ಪುಸ್ತಕ ಸ್ವಲ್ಪ ಹಿಂದೆ ಬಿದ್ದರೂ ಹೋಗಿ ಕಣ್ಣಲ್ಲಿ ನೋಡಿ ಬರಬಹುದು. ಸಾಮಾನು ಸಮುದ್ರದಾಚೆ ಇನ್ನೊಬ್ಬರ ಗೋದಾಮಿನಲ್ಲಿದ್ದಾಗ ಪುಸ್ತಕವೇ ನನ್ನ ಕಣ್ಣು. ಇಂಥ ವ್ಯವಸ್ಥೆಗೆ ಮಾಮೂಲಿಗಿಂತ ಗಟ್ಟಿಯಾದ ಲೆಕ್ಕ ಬೇಕಿತ್ತು. ಆಗಿದ್ದು ಅದರ ಉಲ್ಟಾ.

16 ವರ್ಷ ಯಾರೂ ಬರೆಯದ ಪುಸ್ತಕ

ವಿಷಯ 2023ರಲ್ಲಿ ಮೊದಲ ಸಲ ಗೊತ್ತಾಗಿದ್ದಲ್ಲ. 2019ರ ಮಾರ್ಚ್‌ನಲ್ಲೇ ರಕ್ಷಣಾ ಇಲಾಖೆಯೊಳಗಿನ ಆಡಿಟ್, ತನಿಖೆ ನೋಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಎಫ್-35 ಕಾರ್ಯಕ್ರಮದಲ್ಲಿರುವ ಸರ್ಕಾರಿ ಆಸ್ತಿಯ ಆಡಿಟ್ ವರದಿ ಕೊಟ್ಟಿತ್ತು. ಅದು ನೋಡಿದ್ದು ಗುತ್ತಿಗೆದಾರರ ಕೈಯಲ್ಲಿರುವ ಸರ್ಕಾರಿ ಸ್ವತ್ತನ್ನು. ಮುಖ್ಯ ಗುತ್ತಿಗೆದಾರರ ಲೆಕ್ಕದ ಪ್ರಕಾರ ಅಂಥ ವಸ್ತುಗಳು 34.5 ಲಕ್ಷ, ಬೆಲೆ 210 ಕೋಟಿ ಡಾಲರ್. ಸರ್ಕಾರದ ಲೆಕ್ಕದ ಪ್ರಕಾರ ಎಷ್ಟು? ಉತ್ತರ ಇರಲಿಲ್ಲ. ಇದ್ದದ್ದು ಒಂದೇ ದಾಖಲೆ, ಅದೂ ಗುತ್ತಿಗೆದಾರರ ಮತ್ತು ಅವರ ಉಪಗುತ್ತಿಗೆದಾರರ ಹತ್ತಿರ. 210 ಕೋಟಿ ಅಂತ ಅವರು ಹೇಳಿದರೆ 210 ಕೋಟಿ.

ಆ ವರದಿ ಕಾರಣವನ್ನೂ ಹೇಳಿತು. ಗುತ್ತಿಗೆ ಬರೆಯುವಾಗ, ಸರ್ಕಾರ ಕೊಡುವ ಸ್ವತ್ತಿನ ಪಟ್ಟಿಯನ್ನು ಪೂರ್ತಿಯಾಗಿ ಲಗತ್ತಿಸಿರಲಿಲ್ಲ. ಆಸ್ತಿಯ ಲೆಕ್ಕಕ್ಕೆ ಹೊಣೆ ಹೊರುವ ಅಧಿಕಾರಿಯನ್ನು ನೇಮಿಸಿ, ಅವರಿಂದ ಕೆಲಸ ತೆಗೆಯುವ ವ್ಯವಸ್ಥೆ ಆಗಿರಲಿಲ್ಲ. ಇದು 16 ವರ್ಷಕ್ಕೂ ಜಾಸ್ತಿ ಹಾಗೇ ನಡೆದಿತ್ತು. ಇಷ್ಟು ವರ್ಷದಲ್ಲಿ ಎಷ್ಟೋ ಅಧಿಕಾರಿಗಳು ಬಂದು ಹೋಗಿರಬೇಕು. ಪ್ರತಿಯೊಬ್ಬರೂ ಹಿಂದಿನವರಿಂದ ಖಾಲಿ ಪುಸ್ತಕ ವಹಿಸಿಕೊಂಡು ಮುಂದಿನವರಿಗೆ ಖಾಲಿ ಪುಸ್ತಕವನ್ನೇ ಒಪ್ಪಿಸಿದರು. ಮಾಲು ಬಂದಾಗ ಜಮಾ ಹಾಕಿಕೊಳ್ಳದಿದ್ದರೆ ಹೋದಾಗ ಖರ್ಚು ಬರೆಯುವ ಪ್ರಶ್ನೆಯೂ ಬರುವುದಿಲ್ಲ, ಅಲ್ವಾ?

ಅದೇ 2019ರ ಏಪ್ರಿಲ್‌ನಲ್ಲಿ ಜಿಎಒ ಇನ್ನೊಂದು ವರದಿ ಕೊಟ್ಟಿತು. ಬಿಡಿಭಾಗಕ್ಕೆ ರಕ್ಷಣಾ ಇಲಾಖೆ ನೂರಾರು ಕೋಟಿ ಡಾಲರ್ ಸುರಿದಿದೆ. ಆದರೆ ಏನೇನು ಕೊಂಡಿತು, ಅವು ಎಲ್ಲಿವೆ, ಒಂದೊಂದಕ್ಕೆ ಎಷ್ಟು ಕೊಟ್ಟಿತು ಅನ್ನುವ ಪೂರ್ತಿ ದಾಖಲೆ ಅದರ ಹತ್ತಿರ ಇಲ್ಲ ಅಂತ ಆ ವರದಿ ಬರೆಯಿತು. ಖರೀದಿಯ ದೃಷ್ಟಿಯಿಂದ ಈ ಮೂರನೆಯದು, ಬೆಲೆ, ಎಲ್ಲಕ್ಕಿಂತ ದೊಡ್ಡ ಕೊರತೆ. ಹಿಂದಿನ ಸಲ ಕೊಟ್ಟ ಬೆಲೆ ಗೊತ್ತಿಲ್ಲದವರು ಮುಂದಿನ ಸಲ ಯಾವ ಧೈರ್ಯದಿಂದ ಚೌಕಾಸಿಗೆ ಕೂರುತ್ತಾರೆ? ಎದುರಿಗೆ ಕೂತ ಕಂಪನಿಗೆ ಎಲ್ಲ ಬೆಲೆಯೂ ಗೊತ್ತಿರುತ್ತದೆ. ದಾಸ್ತಾನಿನ ಲೆಕ್ಕ ಗೋದಾಮಿನ ಗುಮಾಸ್ತರ ಕೆಲಸ, ಖರೀದಿ ದೊಡ್ಡ ಅಧಿಕಾರಿಗಳ ಕೆಲಸ ಅಂತ ಎರಡನ್ನೂ ಬೇರೆ ಬೇರೆ ನೋಡುವ ಅಭ್ಯಾಸ ಬಹಳ ಕಚೇರಿಗಳಲ್ಲಿದೆ. ಈ ಪ್ರಕರಣ ನೋಡಿದ ಮೇಲಾದರೂ ಆ ಅಭ್ಯಾಸ ಬಿಡಬೇಕು.

ಒಂದು ನಮೂದಿನಲ್ಲಿ ಏನಿರಬೇಕು

ನಿಯಮ ಇರಲಿಲ್ಲವೇ? ಇತ್ತು, ಚೆನ್ನಾಗಿಯೇ ಇತ್ತು. ಅಮೆರಿಕದ ಫೆಡರಲ್ ಖರೀದಿ ನಿಯಮಾವಳಿಯಲ್ಲಿ 52.245-1 ಅನ್ನುವ ಷರತ್ತು ಇದೆ. ಗುತ್ತಿಗೆದಾರರ ಕೈಯಲ್ಲಿರುವ ಸರ್ಕಾರಿ ಸ್ವತ್ತನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅದು ಹೇಳುತ್ತದೆ. ಪ್ರತಿ ವಸ್ತುವಿಗೂ ಹೆಸರು, ವಿವರಣೆ, ಪಾರ್ಟ್ ನಂಬರ್ ಇರಬೇಕು. ಎಷ್ಟು ಬಂತು, ಎಷ್ಟು ಕೊಟ್ಟಿದ್ದಾಯಿತು, ಎಷ್ಟು ಉಳಿದಿದೆ ಅಂತ ಬರೆಯಬೇಕು. ಒಂದರ ಬೆಲೆ, ಇರುವ ಜಾಗ, ಯಾವ ಗುತ್ತಿಗೆಗೆ ಸೇರಿದ್ದು, ಈಗಿನ ಸ್ಥಿತಿ, ನಮೂದು ಮಾಡಿದ ದಿನಾಂಕ ಎಲ್ಲವೂ ಇರಬೇಕು. ಅಗತ್ಯವಿದ್ದ ಕಡೆ ಆ ಒಂದು ವಸ್ತುವಿಗೆ ಮಾತ್ರ ಸೇರಿದ ವಿಶಿಷ್ಟ ಗುರುತಿನ ಸಂಖ್ಯೆಯೂ ಬೇಕು.

ಇದರಲ್ಲಿ ಒಂದು ಖಾನೆ ಖಾಲಿ ಬಿಟ್ಟರೆ ಏನಾಗುತ್ತದೆ ಅಂತ ಯೋಚಿಸಿ. ಬೆಲೆ ಇಲ್ಲದಿದ್ದರೆ ನಷ್ಟದ ಮೊತ್ತ ಹೇಳೋಕೆ ಆಗಲ್ಲ. ಜಾಗ ಇಲ್ಲದಿದ್ದರೆ ಎಣಿಸೋಕೆ ಆಗಲ್ಲ. ಗುತ್ತಿಗೆಯ ಸಂಖ್ಯೆ ಇಲ್ಲದಿದ್ದರೆ ಯಾರನ್ನು ಕೇಳಬೇಕು ಅಂತ ಗೊತ್ತಾಗಲ್ಲ. ಡೇಟಾ ಗುಣಮಟ್ಟ ಅಂದಾಗ ಜನ ಕಾಗುಣಿತದ ತಪ್ಪು, ದಿನಾಂಕದ ತಪ್ಪು ಅಂತ ನೆನೆಯುತ್ತಾರೆ. ಸರ್ಕಾರಿ ಸ್ವತ್ತಿನಲ್ಲಿ ಒಂದೊಂದು ಖಾನೆಯೂ ಒಂದೊಂದು ಅಧಿಕಾರ. ಖಾನೆ ಖಾಲಿಯಾದರೆ ಆ ಅಧಿಕಾರವೂ ಹೋಯಿತು.

ನಷ್ಟವಾದಾಗ ಏನು ಮಾಡಬೇಕು ಅಂತಲೂ ಅದೇ ಷರತ್ತು ಹೇಳುತ್ತದೆ. ಏನು ಹೋಯಿತು, ಯಾವಾಗ, ಎಲ್ಲಿ, ಮೂಲ ಕಾರಣ ಏನು, ಮತ್ತೆ ಆಗದಂತೆ ಏನು ಮಾಡಿದಿರಿ ಅಂತ ಗುತ್ತಿಗೆದಾರರು ಬರೆದು ಕೊಡಬೇಕು. ಸಾಮಾನ್ಯವಾಗಿ ಇಂಥ ನಷ್ಟವನ್ನು ಸರ್ಕಾರವೇ ಹೊರುತ್ತದೆ. ಆದರೆ ಗುತ್ತಿಗೆದಾರರ ಆಸ್ತಿ ನಿರ್ವಹಣೆ ಸರಿಯಿಲ್ಲ ಅಂತ ಕಂಡುಬಂದರೆ ಆ ರಿಯಾಯಿತಿಯನ್ನು ಹಿಂದಕ್ಕೆ ಪಡೆಯಬಹುದು. ಆಮೇಲಿನ ನಷ್ಟ ಕಂಪನಿಯ ಮೇಲೆ ಬೀಳುತ್ತದೆ. ಮೇಲ್ವಿಚಾರಣೆಗೆ ಹಲ್ಲು ಇರುವುದು ಇಲ್ಲಿ. ಇಷ್ಟೆಲ್ಲಾ ಇದ್ದೂ ಬಳಕೆಗೆ ಬರಲಿಲ್ಲ. ಯಾಕೆ?

ಇದು ‘ಸರ್ಕಾರ ಕೊಟ್ಟ ಸ್ವತ್ತು’ ಹೌದೋ ಅಲ್ಲವೋ

ಇಡೀ ಪ್ರಕರಣದ ಗಂಟು ಇಲ್ಲಿದೆ. ಜಾಗತಿಕ ದಾಸ್ತಾನಿನ ಬಿಡಿಭಾಗಗಳು ರಕ್ಷಣಾ ಇಲಾಖೆಗೆ ಸೇರಿದವು ಅನ್ನುವುದರಲ್ಲಿ ತಕರಾರಿರಲಿಲ್ಲ. ಆದರೆ ಅವುಗಳನ್ನು ಗುತ್ತಿಗೆಯ ಭಾಷೆಯಲ್ಲಿ ‘ಸರ್ಕಾರ ಒದಗಿಸಿದ ಸ್ವತ್ತು’ ಅಂತ ವರ್ಗೀಕರಿಸಬೇಕೇ ಬೇಡವೇ ಅನ್ನುವುದರಲ್ಲಿ ಜೆಪಿಒ ಮತ್ತು ಕಂಪನಿಗಳ ನಡುವೆ ಒಮ್ಮತ ಇರಲಿಲ್ಲ. ಹಾಗೆ ವರ್ಗೀಕರಿಸಿದರೆ ಮೇಲೆ ಹೇಳಿದ ನಮೂದು, ನಷ್ಟದ ವರದಿ, ಪರಿಶೀಲನೆ ಎಲ್ಲವೂ ಗುತ್ತಿಗೆಯಡಿ ಕಡ್ಡಾಯವಾಗುತ್ತಿತ್ತು. ವರ್ಗೀಕರಿಸದಿದ್ದರೆ ನಷ್ಟವನ್ನು ಹೇಳುವುದು ಕಂಪನಿಯ ಸೌಜನ್ಯಕ್ಕೆ ಬಿಟ್ಟ ವಿಷಯ. ಹೀಗಾಗಿ ಈ ನಷ್ಟಗಳು ಜೆಪಿಒ ಕಚೇರಿಗೆ ಕ್ರಮವಾಗಿ ಬಂದು, ಅಲ್ಲಿ ಕಡತವಾಗಿ, ಮುಗಿಯುವ ದಾರಿಯೇ ತಯಾರಾಗಿರಲಿಲ್ಲ. ಶೇ 2 ಅನ್ನುವ ಅಂಕಿಯ ಹಿಂದಿರುವುದು ಇದು.

ಇಲ್ಲಿ ಕಂಪನಿಗಳನ್ನು ಕಳ್ಳರು ಅಂತ ತೋರಿಸುವುದು ನನ್ನ ಉದ್ದೇಶ ಅಲ್ಲವೇ ಅಲ್ಲ. ದಾಸ್ತಾನಿನ ಭಾಷೆಯಲ್ಲಿ ‘ಕಳೆದುಹೋಗಿದೆ’ ಅಂದರೆ ಕಳವಾಗಿದೆ ಅಂತಲೇ ಅಲ್ಲ. ಎಣಿಕೆಯಲ್ಲಿ ತಪ್ಪಾಗಿರಬಹುದು, ದಾರಿಯಲ್ಲಿ ಹಾಳಾಗಿರಬಹುದು, ಬೇರೆ ಪಾರ್ಟ್ ನಂಬರಿನಲ್ಲಿ ಜಮಾ ಆಗಿರಬಹುದು, ವಿಮಾನಕ್ಕೆ ಜೋಡಿಸಿ ಖರ್ಚು ಬರೆಯದೇ ಬಿಟ್ಟಿರಬಹುದು. ಯಾವುದು ಅಂತ ತಿಳಿಯುವುದು ಒಂದೊಂದನ್ನೂ ಕೇಳಿದಾಗ ಮಾತ್ರ. ಕೇಳದೇ ಇದ್ದಾಗ ಪ್ರಾಮಾಣಿಕ ಕಂಪನಿಗೂ ನಷ್ಟ. ತಾನು ಸರಿಯಾಗಿ ನೋಡಿಕೊಂಡಿದ್ದೇನೆ ಅಂತ ತೋರಿಸಲು ಅದಕ್ಕೂ ದಾರಿ ಇರುವುದಿಲ್ಲ.

ಬೇಡದ ಭಾಗಗಳ ಕಥೆ ಕೂಡ ಇದಕ್ಕೇ ಸೇರಿದ್ದು. ಹಳೆಯದಾದವು, ಹೆಚ್ಚುವರಿಯಾದವು, ರಿಪೇರಿಗೂ ಬಾರದವು ಅಂತ ಗುತ್ತಿಗೆದಾರರು ಬೇರೆ ಮಾಡಿಟ್ಟ 19,000ಕ್ಕೂ ಹೆಚ್ಚು ಭಾಗಗಳು ವಿಲೇವಾರಿ ಆದೇಶಕ್ಕಾಗಿ ಕಾಯುತ್ತಿದ್ದವು. ಕೆಲವು ಕೆಲವೇ ತಿಂಗಳಿಂದ, ಕೆಲವು 5 ವರ್ಷದಷ್ಟು ಹಿಂದಿನಿಂದ. ಏನು ಮಾಡಬೇಕು ಅಂತ ಹೇಳಬೇಕಾದವರು ಹೇಳಿರಲಿಲ್ಲ. ಕಂಡಮ್ ಆದ ಸಾಮಾನಿಗೂ ಜಾಗ ಬೇಕು, ಕಾವಲು ಬೇಕು, ಅದರ ಬಾಡಿಗೆಯನ್ನೂ ಕೊನೆಗೆ ಯಾರೋ ಕಟ್ಟಬೇಕು.

ಪುಸ್ತಕದ ತಪ್ಪು ವಿಮಾನಕ್ಕೆ ತಟ್ಟಿದ್ದು

ಲೆಕ್ಕ ಸರಿಯಿಲ್ಲದಿದ್ದರೆ ಆಡಿಟ್ ಆಕ್ಷೇಪಣೆ ಬರುತ್ತದೆ, ಅಷ್ಟೇ ತಾನೇ ಅನ್ನುವವರಿದ್ದಾರೆ. ಅವರಿಗಾಗಿ ಮೂರು ಘಟನೆಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮೊದಲನೆಯದು ಹಡಗಿನದು. ಮರೀನ್ ಕೋರ್ ತನ್ನ ಎಫ್-35ಗಳನ್ನು ಹಡಗಿನಲ್ಲಿ ದೂರ ಕಳಿಸುವಾಗ ಜೊತೆಗೆ ಬಿಡಿಭಾಗಗಳ ಒಂದು ಕಟ್ಟು ಹೋಗುತ್ತದೆ. ನಡುಸಮುದ್ರದಲ್ಲಿ ಏನಾದರೂ ಕೆಟ್ಟರೆ ಅಲ್ಲೇ ಸರಿಮಾಡಲಿ ಅಂತ. ಈ ಕಟ್ಟನ್ನು ವರ್ಷಗಳ ಮೊದಲೇ ಕೊಂಡಿರುತ್ತಾರೆ. ಅಷ್ಟರಲ್ಲಿ ವಿಮಾನದ ವಿನ್ಯಾಸ ಬದಲಾಗಿರುತ್ತದೆ, ಒಂದು ಕಂತಿನಲ್ಲಿ ತಯಾರಾದ ವಿಮಾನಕ್ಕೆ ಕೂರುವ ಭಾಗ ಇನ್ನೊಂದು ಕಂತಿನದ್ದಕ್ಕೆ ಕೂರುವುದಿಲ್ಲ. ಜಿಎಒ 2019ರಲ್ಲಿ ಹೇಳಿದ ಒಂದು ಪ್ರಯಾಣದಲ್ಲಿ, ಕಟ್ಟಿನಲ್ಲಿದ್ದ ಶೇ 44ರಷ್ಟು ಭಾಗಗಳು ಆ ಹಡಗಿನ ಮೇಲಿದ್ದ ವಿಮಾನಗಳಿಗೆ ಹೊಂದುತ್ತಿರಲಿಲ್ಲ. ದಾಸ್ತಾನು ಪುಸ್ತಕದಲ್ಲಿ ಸಂಖ್ಯೆ ಸರಿಯಾಗಿಯೇ ಇತ್ತು ಅಂತಲೇ ಇಟ್ಟುಕೊಳ್ಳಿ. ‘ಇಷ್ಟು ಭಾಗ ಇದೆ’ ಅನ್ನುವುದು ಸತ್ಯ, ‘ಈ ವಿಮಾನಕ್ಕೆ ಇಷ್ಟು ಭಾಗ ಇದೆ’ ಅನ್ನುವುದು ಸುಳ್ಳು. 2018ರ ಮೇನಿಂದ ನವೆಂಬರ್‌ವರೆಗೆ ಬಿಡಿಭಾಗದ ಕೊರತೆಯಿಂದಲೇ ಎಫ್-35ಗಳು ಹೆಚ್ಚುಕಡಿಮೆ ಶೇ 30ರಷ್ಟು ಸಮಯ ಹಾರಲಾಗದೆ ನಿಂತಿದ್ದವು ಅಂತಲೂ ಅದೇ ವರದಿ ಹೇಳಿತು. ಒಂದು ಕಡೆ ಲಕ್ಷಗಟ್ಟಲೆ ಭಾಗ ಲೆಕ್ಕಕ್ಕೆ ಸಿಗದೆ ಹೋಗುತ್ತಿವೆ. ಇನ್ನೊಂದು ಕಡೆ ಭಾಗ ಇಲ್ಲ ಅಂತ ವಿಮಾನ ನಿಂತಿದೆ.

ಎರಡನೆಯದು ಭಾಗದ ಜೊತೆ ಬರಬೇಕಾದ ದಾಖಲೆಯದು. ಎಫ್-35ರ ಬಹಳಷ್ಟು ಭಾಗಗಳಿಗೆ ಒಂದು ಇಲೆಕ್ಟ್ರಾನಿಕ್ ಲಾಗ್‌ಬುಕ್ ಇರುತ್ತದೆ. ಆ ಭಾಗ ಯಾವಾಗ ತಯಾರಾಯಿತು, ಎಷ್ಟು ಗಂಟೆ ಹಾರಿದೆ, ಇನ್ನೆಷ್ಟು ಗಂಟೆ ಬಳಸಬಹುದು ಅನ್ನುವ ವಿವರ ಅದರಲ್ಲಿರುತ್ತದೆ. ಪೆಟ್ಟಿಗೆ ಒಡೆದು ಮೆಕ್ಯಾನಿಕ್ ಭಾಗವನ್ನು ಕೈಗೆತ್ತಿಕೊಳ್ಳುತ್ತಾರೆ. ಭಾಗ ಹೊಸದಾಗಿದೆ, ಚೆನ್ನಾಗಿದೆ. ಆದರೆ ಲಾಗ್‌ಬುಕ್ ಬಂದಿಲ್ಲ, ಅಥವಾ ಬಂದದ್ದರಲ್ಲಿ ತಪ್ಪಿದೆ. ಈಗ ಎರಡೇ ದಾರಿ. ಲಾಗ್‌ಬುಕ್ ಸಿಗುವವರೆಗೆ ಭಾಗವನ್ನು ಪಕ್ಕಕ್ಕಿಡಬೇಕು. ಇಲ್ಲಾ ಅದನ್ನು ಜೋಡಿಸಿ, ಎಷ್ಟು ಗಂಟೆ ಹಾರಿತು ಅಂತ ಕೈಯಿಂದ ಲೆಕ್ಕ ಬರೆಯುತ್ತಾ ಹೋಗಬೇಕು. ಕೈಲೆಕ್ಕ ತಪ್ಪಿದರೆ ಆಯಸ್ಸು ಮುಗಿದ ಭಾಗ ಆಕಾಶದಲ್ಲಿರುತ್ತದೆ. 2019ರ ಜೂನ್‌ನ ಇನ್‌ಸ್ಪೆಕ್ಟರ್ ಜನರಲ್ ವರದಿ ಈ ವಿಷಯವನ್ನೇ ನೋಡಿತು. ಬಳಕೆಗೆ ಸಿದ್ಧವಾಗಿರದೆ ಬಂದ ಇಂಥ ಭಾಗಗಳನ್ನು ಸರಿದೂಗಿಸಲು 2015ರಿಂದ ರಕ್ಷಣಾ ಇಲಾಖೆ 30.3 ಕೋಟಿ ಡಾಲರ್‌ವರೆಗೆ ಕೂಲಿ ಖರ್ಚು ಮಾಡಿದೆ, ಸರಿಯಾಗುವವರೆಗೆ ವರ್ಷಕ್ಕೆ 5.5 ಕೋಟಿವರೆಗೆ ಹೋಗುತ್ತಲೇ ಇರುತ್ತದೆ ಅಂತ ಲೆಕ್ಕ ಕೊಟ್ಟಿತು. ಕಳೆದುಹೋದ ಭಾಗಗಳ ಬೆಲೆ 8.5 ಕೋಟಿ ಅಂದೆನಲ್ಲ? ಬರೀ ದಾಖಲೆ ಸರಿಯಿಲ್ಲದ್ದಕ್ಕೆ ಅದರ ಮೂರು ಪಟ್ಟಿಗೂ ಜಾಸ್ತಿ ಹೋಗಿರಬಹುದು.

ಮೂರನೆಯದು ಅದೇ ವರದಿಯಲ್ಲಿದೆ. ವಿಮಾನ ಎಷ್ಟು ಗಂಟೆ ಹಾರಲು ಸಿದ್ಧವಿತ್ತು ಅನ್ನುವುದರ ಮೇಲೆ ಕಂಪನಿಗೆ ಪ್ರೋತ್ಸಾಹಧನ ಸಿಗುತ್ತಿತ್ತು. ಆ ಗಂಟೆಗಳನ್ನು ಸರ್ಕಾರ ಸ್ವತಂತ್ರವಾಗಿ ಸಂಗ್ರಹಿಸಿ ತಾಳೆ ನೋಡಿರಲಿಲ್ಲ. ಲಾಗ್‌ಬುಕ್ ಇಲ್ಲದ ಭಾಗವನ್ನು ಸೈನಿಕರೇ ಕಷ್ಟಪಟ್ಟು ಜೋಡಿಸಿ ವಿಮಾನ ಹಾರಿಸಿದರೆ, ಆ ಗಂಟೆಯೂ ಸಿದ್ಧವಿದ್ದ ಗಂಟೆಯಾಗಿ ಲೆಕ್ಕಕ್ಕೆ ಸೇರುತ್ತಿತ್ತು. ಹೀಗೆ 1.06 ಕೋಟಿ ಡಾಲರ್ ಹೆಚ್ಚಿಗೆ ಪಾವತಿಯಾಗಿರುವ ಸಾಧ್ಯತೆ ಇದೆ ಅಂತ ವರದಿ ಹೇಳಿತು. ಕೆಟ್ಟ ದಾಖಲೆಗೆ ದಂಡ ಬೀಳುವ ಬದಲು ಬಹುಮಾನ ಸಿಕ್ಕ ಹಾಗಾಯಿತು. ಗುತ್ತಿಗೆಯಲ್ಲಿ ಪ್ರೋತ್ಸಾಹಧನ ಇಡುವ ಯಾವುದೇ ಇಲಾಖೆ ಈ ಪುಟವನ್ನು ಓದಬೇಕು. ಹಣ ಕೊಡುವ ಅಳತೆಯನ್ನು ಹಣ ಪಡೆಯುವವರ ಕೈಗೇ ಬಿಡಬಾರದು.

ಸಾಫ್ಟ್‌ವೇರ್ ಬದಲಿಸಿದರೆ ಸಾಕೇ

ಇಂಥ ಸಮಸ್ಯೆ ಬಂದಾಗ ಎಲ್ಲ ಕಡೆ ಮೊದಲು ಕೇಳುವ ಮಾತು ‘ಹೊಸ ಸಾಫ್ಟ್‌ವೇರ್ ಹಾಕೋಣ’ ಅನ್ನುವುದು. ಎಫ್-35ಕ್ಕೆ ಸಾಫ್ಟ್‌ವೇರ್ ಕೊರತೆ ಇರಲಿಲ್ಲ. ಬಿಡಿಭಾಗ, ರಿಪೇರಿ, ಹಾರಾಟದ ಯೋಜನೆ ಎಲ್ಲವನ್ನೂ ನೋಡಿಕೊಳ್ಳುವ ಎಎಲ್‌ಐಎಸ್ ಅನ್ನುವ ದೊಡ್ಡ ವ್ಯವಸ್ಥೆಯೇ ಇತ್ತು. ಅದರಲ್ಲಿ ತಪ್ಪು ಡೇಟಾ, ಬಿಟ್ಟುಹೋದ ಡೇಟಾ ಎಷ್ಟಿತ್ತೆಂದರೆ, ಅದು ಸರಿಯಾಗಿ ನಡೆಯದ್ದಕ್ಕೆ ವರ್ಷಕ್ಕೆ 45,000 ಗಂಟೆಗೂ ಹೆಚ್ಚು ಹೆಚ್ಚುವರಿ ಕೈಕೆಲಸ ಮಾಡಬೇಕಾಯಿತು ಅಂತ ವಾಯುಪಡೆಯ ಒಂದೇ ಘಟಕ ಅಂದಾಜಿಸಿತ್ತು. 2020ರ ಜನವರಿಯಲ್ಲಿ ಇದರ ಬದಲಿಗೆ ಓಡಿನ್ ಅನ್ನುವ ಹೊಸ ವ್ಯವಸ್ಥೆ ತರುತ್ತೇವೆ ಅಂತ ಪೆಂಟಗನ್ ಘೋಷಿಸಿತು.

ಹೊಸದು ಬೇಕಿತ್ತು, ಸರಿ. ಆದರೆ ಮೂರು ವರ್ಷದ ನಂತರವೂ ಜಿಎಒ ಅದೇ ಮಾತು ಬರೆಯಬೇಕಾಯಿತು: ರಕ್ಷಣಾ ಇಲಾಖೆಯ ಅಧಿಕೃತ ಆಸ್ತಿ ದಾಖಲೆಯಲ್ಲಿ ಈ ಬಿಡಿಭಾಗಗಳು ಇಲ್ಲ. ಯಾವ ವಸ್ತುವನ್ನು ಯಾರು ಬರೆಯಬೇಕು ಅನ್ನುವುದು ಇತ್ಯರ್ಥವಾಗದೆ ಸಾಫ್ಟ್‌ವೇರ್ ತಂದರೆ, ಯಾರ ಮೇಜಿನ ಮೇಲಿನ ಕಂಪ್ಯೂಟರಿಗೆ ಹಾಕಬೇಕು ಅಂತಲೇ ಗೊತ್ತಾಗುವುದಿಲ್ಲ.

ಏನು ಮಾಡಬೇಕು

2023ರ ವರದಿಯಲ್ಲಿ ಜಿಎಒ 4 ಶಿಫಾರಸು ಮಾಡಿತು, ರಕ್ಷಣಾ ಇಲಾಖೆ ನಾಲ್ಕನ್ನೂ ಒಪ್ಪಿತು. ಅವುಗಳ ತಿರುಳು ಸುಲಭವಾಗಿಯೇ ಇದೆ. ಎಲ್ಲ ಬಿಡಿಭಾಗಗಳನ್ನೂ ಸರಿಯಾಗಿ ವರ್ಗೀಕರಿಸಿ ಗುತ್ತಿಗೆಯಡಿ ಹೊಣೆ ಬರುವಂತೆ ಮಾಡಿ. ಅಲ್ಲಿಯವರೆಗೆ ಸುಮ್ನೆ ಕೂರಬೇಡಿ, ನಷ್ಟ ವರದಿ ಮಾಡಲು ತಾತ್ಕಾಲಿಕ ವ್ಯವಸ್ಥೆಯಾದರೂ ಇರಲಿ.

ಈ ‘ಅಲ್ಲಿಯವರೆಗೆ’ ಅನ್ನುವ ಭಾಗ ನನಗೆ ತುಂಬಾ ಹಿಡಿಸಿತು. ದೊಡ್ಡ ಸುಧಾರಣೆಗಳು ಸಾಯುವುದು ಹೆಚ್ಚಾಗಿ ಇಲ್ಲೇ. ಗುತ್ತಿಗೆ ತಿದ್ದುಪಡಿಗೆ ಎರಡು ವರ್ಷ ಬೇಕು, ವಕೀಲರ ಅಭಿಪ್ರಾಯ ಬೇಕು, ಕಂಪನಿ ಅದಕ್ಕೆ ಬೆಲೆ ಕೇಳುತ್ತದೆ. ಅದೆಲ್ಲ ಆಗಲಿ ಅಂತ ಕಾದರೆ ಆ ಎರಡು ವರ್ಷದ ನಷ್ಟವೂ ಯಾರೂ ಕೇಳದ ರಾಶಿಗೆ ಸೇರುತ್ತದೆ. ಒಂದು ಸರಳ ನಮೂನೆ, ಒಂದು ವಿಳಾಸ, ಹೆಸರಿಟ್ಟು ನೇಮಿಸಿದ ಒಬ್ಬ ಅಧಿಕಾರಿ. ತಿಂಗಳಿಗೊಮ್ಮೆ ನಷ್ಟದ ಪಟ್ಟಿ ಬರಲಿ. ಇಂತಿಷ್ಟು ಬೆಲೆಗಿಂತ ಮೇಲಿನದಕ್ಕೆ ಕಾರಣ ಕಡ್ಡಾಯ ಮಾಡಲಿ. ಸರಾಸರಿ 85 ಡಾಲರಿನ ರಾಶಿಯಲ್ಲಿ ಎಲ್ಲವನ್ನೂ ತನಿಖೆ ಮಾಡುವುದು ವ್ಯರ್ಥ. ಆದರೆ ದುಬಾರಿ ಭಾಗಗಳನ್ನೂ, ಒಂದೇ ಗೋದಾಮಿನಲ್ಲಿ ಮತ್ತೆ ಮತ್ತೆ ಹೋಗುವ ಸಣ್ಣ ಭಾಗಗಳನ್ನೂ ಬೇರೆ ತೆಗೆದು ನೋಡಲೇಬೇಕು.

ಇನ್ನು ಆರಂಭಿಕ ಶಿಲ್ಕು. ಸರ್ಕಾರ ತನ್ನದೇ ಪುಸ್ತಕ ತೆರೆಯಬೇಕಾದರೆ ಮೊದಲ ಸಾಲಿನಲ್ಲಿ ಏನು ಬರೆಯಬೇಕು? ಕಂಪನಿಯ ಅಂಕಿಯನ್ನು ಹಾಗೇ ನಕಲು ಮಾಡಿದರೆ ಪುಸ್ತಕ ಎರಡಾಗುತ್ತದೆ, ಸಾಕ್ಷಿ ಒಂದೇ ಉಳಿಯುತ್ತದೆ. ಎಣಿಸಲೇಬೇಕು. ಎಣಿಸುವಾಗ ಎರಡು ದಿಕ್ಕಿನಲ್ಲೂ ಹೋಗಬೇಕು. ಪುಸ್ತಕದ ಸಾಲು ಹಿಡಿದು ಕಪಾಟಿಗೆ ಹೋದರೆ ಇಲ್ಲದ ಮಾಲು ಸಿಕ್ಕಿಬೀಳುತ್ತದೆ. ಆದರೆ ಪುಸ್ತಕಕ್ಕೇ ಸೇರದ ಮಾಲು ಆ ದಾರಿಯಲ್ಲಿ ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಕಪಾಟಿನಿಂದ ಒಂದು ಭಾಗ ಎತ್ತಿಕೊಂಡು, ಅದರ ಪಾರ್ಟ್ ನಂಬರ್, ಸೀರಿಯಲ್ ನಂಬರ್ ಓದಿ, ಪುಸ್ತಕದಲ್ಲಿ ಹುಡುಕಬೇಕು. ದಾಸ್ತಾನು ಪರಿಶೀಲನೆಗೆ ಹೋಗುವ ತಂಡಗಳು ಅವಸರದಲ್ಲಿ ಮೊದಲನೆಯದನ್ನಷ್ಟೇ ಮಾಡಿ ಸಹಿ ಹಾಕಿ ಬರುವುದುಂಟು. ಬಂದ ಮಾಲನ್ನು ಜಮಾ ಹಾಕಿಕೊಳ್ಳದಿದ್ದದ್ದೇ ಮೂಲ ರೋಗವಾಗಿರುವ ಇಂಥ ಪ್ರಕರಣದಲ್ಲಿ ಎರಡನೆಯದು ಇಲ್ಲದ ಎಣಿಕೆಗೆ ಬೆಲೆಯಿಲ್ಲ. ಎಣಿಸುವವರ ಕೈಗೆ ಕೊಡುವ ಪಟ್ಟಿಯಲ್ಲಿ ಪುಸ್ತಕದ ಸಂಖ್ಯೆ ಇರಲೂಬಾರದು. ಸಂಖ್ಯೆ ಕಣ್ಣೆದುರಿಗಿದ್ದರೆ ಅಷ್ಟೇ ಇದೆ ಅಂತ ಮನಸ್ಸು ಒಪ್ಪಿಬಿಡುತ್ತದೆ.

ಪೂರ್ತಿ ಎಣಿಕೆ ಒಮ್ಮೆ ಮಾತ್ರ ಸಾಕು. ಆಮೇಲೆ ಕಂಪನಿಗಳೇ ದಿನದಿನದ ಲೆಕ್ಕ ಬರೆಯಲಿ, ಅದರ ಪ್ರತಿ ಸರ್ಕಾರದ ದಾಖಲೆಗೆ ಬರಲಿ, ಸರ್ಕಾರದ ಜನ ಆಗಾಗ ಹೇಳದೇ ಕೇಳದೇ ಕೆಲವು ಗೋದಾಮಿಗೆ ಹೋಗಿ ಕೆಲವು ಸಾಲು ತಾಳೆ ನೋಡಲಿ. ಗುತ್ತಿಗೆದಾರರು ಲೆಕ್ಕ ಬರೆಯುವುದರಲ್ಲಿ ಏನೂ ತೊಂದರೆ ಇಲ್ಲ. ಮಾಲು ಅವರ ಹತ್ತಿರ ಇರುವಾಗ ಅವರೇ ಬರೆಯಬೇಕು.

ರಕ್ಷಣಾ ಇಲಾಖೆಯ ಪೂರ್ಣ ಹಣಕಾಸು ಆಡಿಟ್ ಮೊದಲು ನಡೆದಿದ್ದು 2018ರ ಆರ್ಥಿಕ ವರ್ಷಕ್ಕೆ. ಅಲ್ಲಿಂದ 2024ರವರೆಗೆ 7 ಸಲ ನಡೆಯಿತು, ಒಮ್ಮೆಯೂ ಇಲಾಖೆಗೆ ಶುದ್ಧ ಅಭಿಪ್ರಾಯ, ಅಂದರೆ ಲೆಕ್ಕ ಸರಿಯಿದೆ ಅನ್ನುವ ಆಡಿಟರ್‌ಗಳ ಮಾತು, ಸಿಗಲಿಲ್ಲ. ಆಡಿಟರ್‌ಗಳು ತೋರಿಸುವ ಗಂಭೀರ ದೌರ್ಬಲ್ಯಗಳ ಪಟ್ಟಿಯಲ್ಲಿ ಎಫ್-35 ಕಾರ್ಯಕ್ರಮಕ್ಕೇ ಒಂದು ಪ್ರತ್ಯೇಕ ಜಾಗ ಇದೆ. 2028ರ ಒಳಗೆ ಶುದ್ಧ ಅಭಿಪ್ರಾಯ ಪಡೆಯಬೇಕು ಅಂತ ಸಂಸತ್ತು ಕಾನೂನಿನಲ್ಲೇ ಗಡುವು ಹಾಕಿದೆ.

ಇಷ್ಟು ದೊಡ್ಡ ಕೆಲಸದಲ್ಲಿ ಎಲ್ಲಿಂದ ಶುರುಮಾಡಬೇಕು ಅಂತ ನನ್ನನ್ನು ಕೇಳಿದರೆ, ವಿಲೇವಾರಿಗೆ ಕಾದಿದ್ದ ಆ 19,000 ಭಾಗಗಳ ಬಗೆಯದ್ದರಿಂದ ಅಂತೀನಿ. ಅವು ಕಳೆದುಹೋಗಿಲ್ಲ. ಯಾವ ಭಾಗ, ಎಲ್ಲಿದೆ, ಯಾಕೆ ಬೇಡವಾಯಿತು ಅಂತ ಗುತ್ತಿಗೆದಾರರೇ ಬರೆದಿಟ್ಟಿದ್ದಾರೆ. ಸರ್ಕಾರ ಪ್ರತಿಯೊಂದನ್ನೂ ತನ್ನ ಪುಸ್ತಕದಲ್ಲಿ ಜಮಾ ಹಾಕಿಕೊಂಡು, ಹೋಗಿ ನೋಡಿ, ಇಟ್ಟುಕೊಳ್ಳಿ ಅಥವಾ ನಾಶಮಾಡಿ ಅಂತ ಆದೇಶ ಕೊಟ್ಟು, ಖರ್ಚು ಬರೆಯಲಿ. ಒಂದು ವಸ್ತುವಿನ ಲೆಕ್ಕ ಹುಟ್ಟಿನಿಂದ ಕೊನೆಯವರೆಗೆ ಹೋಗುವ ದಾರಿ ಇದರಿಂದ ಒಮ್ಮೆ ಪೂರ್ತಿ ತೆರೆದುಕೊಳ್ಳುತ್ತದೆ. ಯಾವ ಮೇಜಿನ ಮೇಲೆ ಕಡತ ನಿಲ್ಲುತ್ತದೆ, ಯಾವ ಖಾನೆ ಖಾಲಿ ಬರುತ್ತದೆ, ಯಾರ ಸಹಿಗೆ ತಿಂಗಳು ಕಾಯಬೇಕು ಎಲ್ಲವೂ ಅಲ್ಲೇ ಗೊತ್ತಾಗುತ್ತದೆ. ಅದೇ ದಾರಿಯಲ್ಲಿ ಮುಂದಿನ ಗೋದಾಮಿನ ಎಣಿಕೆ ಶುರುಮಾಡಬಹುದು.